ಮಲೆನಾಡಿನ ಕಚೇರಿಗೆ ಕಾನ್ಫರೆನ್ಸ್ ಫೋನ್: ಜೋಡಣೆಯಿಂದ ಸಿಡಿಲಿನ ಎಚ್ಚರದವರೆಗೆ

ಪುಷ್ಯ ಮಳೆಯ ಒಂದು ಮಧ್ಯಾಹ್ನ ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಸಭೆ ಇತ್ತು. ಮೇಜಿನ ಸುತ್ತ ಎಂಟು ಜನ, ನಡುವೆ ಹೊಸ ಕಾನ್ಫರೆನ್ಸ್ ಫೋನ್. ಹಳ್ಳ ತುಂಬಿದ್ದರಿಂದ ಮೇಗರವಳ್ಳಿ ಕಡೆಯ ಹಿರಿಯ ನಿರ್ದೇಶಕರೊಬ್ಬರು ಬರಲಾಗದೆ ಮನೆಯಿಂದಲೇ ಫೋನ್ ಹಿಡಿದು ಕೂತಿದ್ದರು. ಅರ್ಧ ಗಂಟೆ ಚರ್ಚೆಯಾದ ಮೇಲೆ, ಔಷಧಿಗೆ ಬೇಕಾದ ಮೈಲುತುತ್ತ ಎಷ್ಟು ತರಿಸೋಣ ಎಂದು ಅವರನ್ನು ಕೇಳಿದೆವು. "ಮಾರಾಯ್ರೇ, ಇಷ್ಟು ಹೊತ್ತೂ ನಂಗೆ ಮಳೆ ಸದ್ದು ಬಿಟ್ರೆ ಎಂತದೂ ಕೇಳ್ಲಿಲ್ಲ" ಅಂದರು.

ಅವರ ದನಿ ನಮಗೆ ಚೆನ್ನಾಗಿ ಕೇಳುತ್ತಿತ್ತು. ಹಾಗಾಗಿ ಎಲ್ಲ ಸರಿ ಇದೆ ಎಂದೇ ತಿಳಿದಿದ್ದೆವು. ಸಂಘದ ಫೋನು, ಕಂಪ್ಯೂಟರು ನೋಡಿಕೊಳ್ಳುವವನು ನಾನು; ಆ ಫೋನ್ ಜೋಡಿಸಿದವನೂ ನಾನೇ. ಎಪ್ಪತ್ತು ದಾಟಿದ ಒಬ್ಬರು ಅರ್ಧ ಗಂಟೆ ಮಳೆ ಸದ್ದು ಕೇಳುತ್ತ ಸುಮ್ಮನೆ ಕೂತಿದ್ದರು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಅಂದಿನಿಂದ ಎಲ್ಲಿ ಫೋನ್ ಜೋಡಿಸಿದರೂ, ಆ ಕಡೆ ಒಬ್ಬರೇ ಕೂತು ಕೇಳುವವರಿಗೆ ಏನು ಕೇಳುತ್ತದೆ ಎಂಬುದನ್ನು ನೋಡಿಯೇ ಮುಂದಿನ ಕೆಲಸ. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ.

ಮೊದಲು ಲೈನ್ ಯಾವುದೆಂದು ನೋಡಿ

ಅಂಗಡಿಗೆ ಹೋಗುವ ಮೊದಲು ಕಚೇರಿಯ ಗೋಡೆ ನೋಡಿ. ಹಳೆಯ ತಾಮ್ರದ ಲ್ಯಾಂಡ್‌ಲೈನ್ ಇದ್ದರೆ ಎರಡು ತಂತಿ ರೋಸೆಟ್ ಡಬ್ಬಿಗೆ ಬಂದು, ಅಲ್ಲಿಂದ ಆರ್‌ಜೆ-11 ಎಂಬ ಚಿಕ್ಕ ಪಿನ್ನಿನಲ್ಲಿ ಫೋನಿಗೆ ಹೋಗಿರುತ್ತದೆ. ಈ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಡಿಸಿ ಬರುತ್ತದೆ. ಕರೆಂಟ್ ಹೋದರೂ ಮಾಮೂಲಿ ಫೋನ್ ಕೆಲಸ ಮಾಡುವುದು ಅದಕ್ಕೇ. ಕಾನ್ಫರೆನ್ಸ್ ಫೋನಿನ ಸ್ಪೀಕರಿಗೆ ಅಷ್ಟು ಸಾಲುವುದಿಲ್ಲ, ಸಾಮಾನ್ಯವಾಗಿ ಬೇರೆ ಅಡಾಪ್ಟರ್ ಬೇಕು. ಆದ್ದರಿಂದ ಹಳೆಯ ಮಾಮೂಲಿ ಫೋನನ್ನು ಎಸೆಯಬೇಡಿ. ಕರೆಂಟ್, ಬ್ಯಾಟರಿ ಎರಡೂ ಕೈಕೊಟ್ಟ ದಿನ 112ಕ್ಕೆ ಕರೆ ಮಾಡಲು ಅದೇ ಬೇಕಾಗುತ್ತದೆ.

ಫೈಬರ್ ಬಂದಿದ್ದರೆ ಓಎನ್‌ಟಿ, ಅಂದರೆ ಫೈಬರ್ ತಂತಿ ಬಂದು ಸೇರುವ ಪೆಟ್ಟಿಗೆಯ ಹಿಂದೆ ಫೋನಿನ ಕಿಂಡಿ ಇರುತ್ತದೆ. ತಾಮ್ರದ ಲೈನಿಗೆ ಹಾಕುವ ಅನಲಾಗ್ ಕಾನ್ಫರೆನ್ಸ್ ಫೋನ್ ಇಲ್ಲಿಗೂ ಹೊಂದುತ್ತದೆ. ಆದರೆ ಓಎನ್‌ಟಿಗೆ ಕರೆಂಟ್ ಇಲ್ಲದಿದ್ದರೆ ಲೈನೂ ಇಲ್ಲ.

ಕಚೇರಿಯಲ್ಲಿ ಇಪಿಎಬಿಎಕ್ಸ್ (ಕಚೇರಿಯೊಳಗಿನ ಪುಟ್ಟ ಎಕ್ಸ್‌ಚೇಂಜ್) ಇದ್ದರೆ ಅದರಿಂದ ನಿಮಗೆ ಕೊಟ್ಟ ಲೈನ್, ಅಂದರೆ ಎಕ್ಸ್‌ಟೆನ್ಷನ್, ಅನಲಾಗೋ ಡಿಜಿಟಲ್ಲೋ ಎಂದು ಅದನ್ನು ಹಾಕಿದವರನ್ನೇ ಕೇಳಿ. ಡಿಜಿಟಲ್ ಎಕ್ಸ್‌ಟೆನ್ಷನ್ ಸಾಮಾನ್ಯವಾಗಿ ಅದೇ ಕಂಪನಿಯ ಫೋನಿಗೆ ಮಾತ್ರ ಹೊಂದುತ್ತದೆ. ಅನಲಾಗ್ ಫೋನನ್ನು ಅದಕ್ಕೆ ಚುಚ್ಚಿದರೆ ಕೆಲಸವೂ ಮಾಡದು, ಕೆಲವೊಮ್ಮೆ ಕೆಟ್ಟೂ ಹೋಗಬಹುದು. ನಾಲ್ಕನೆಯದು ಐಪಿ ಫೋನ್. ಅದು ಕಂಪ್ಯೂಟರಿಗೆ ಹಾಕುವಂತಹ ಲ್ಯಾನ್ ಕೇಬಲ್ ಮೂಲಕ ಇಂಟರ್ನೆಟ್ಟಿನಲ್ಲಿ ಮಾತಾಡುತ್ತದೆ.

ಇಲ್ಲೊಂದು ಎಚ್ಚರ. ಟೆಲಿಫೋನಿನ ಚಿಕ್ಕ ಪಿನ್ ಲ್ಯಾನಿನ ದೊಡ್ಡ ಕಿಂಡಿಯೊಳಗೂ ಕೂರುತ್ತದೆ. ಕೂರುತ್ತದೆ ಎಂದು ಹಾಕಬೇಡಿ. ಲ್ಯಾಂಡ್‌ಲೈನ್ ರಿಂಗಾಗುವಾಗ ತಂತಿಯಲ್ಲಿ 75 ವೋಲ್ಟ್ ಆಸುಪಾಸಿನ ಎಸಿ ಹರಿಯುತ್ತದೆ. ಲ್ಯಾನ್ ಪೋರ್ಟ್ ಅದಕ್ಕೆ ಮಾಡಿದ್ದಲ್ಲ. ಒದ್ದೆ ಕೈಯಲ್ಲಿ ಬರಿ ತಂತಿ ಮುಟ್ಟಿದರೆ ನಿಮಗೂ ಜುಮ್ಮೆನ್ನುತ್ತದೆ.

ಯಾವುದನ್ನು ಕೊಳ್ಳಬೇಕು

ಐದಾರು ಜನ ಕೂರುವ ಕೋಣೆಗೆ, ತಿಂಗಳಿಗೆ ಒಂದೆರಡು ಸಭೆಗೆ, ಬ್ಲೂಟೂತ್ ಮತ್ತು ಯುಎಸ್‌ಬಿ ಎರಡೂ ಇರುವ, ಒಳಗೇ ಬ್ಯಾಟರಿ ಇರುವ ಸ್ಪೀಕರ್‌ಫೋನ್ ಸಾಕು. ಮೊಬೈಲಿಗೂ ಲ್ಯಾಪ್‌ಟಾಪಿಗೂ ಆಗುತ್ತದೆ. ನಮ್ಮ ಕಡೆಗೆ ಇದರ ದೊಡ್ಡ ಗುಣ ಬೇರೆಯೇ ಇದೆ, ಸಿಡಿಲಿನ ಮಾತು ಬಂದಾಗ ಹೇಳುತ್ತೇನೆ. ವಾರವಾರವೂ ಸಭೆ ಇದ್ದು ಹತ್ತು ಹನ್ನೆರಡು ಜನ ಕೂರುವುದಾದರೆ ಅನಲಾಗ್ ಅಥವಾ ಐಪಿ ಮಾದರಿ ಬೇಕು, ಜೊತೆಗೆ ಉದ್ದ ತಂತಿಯ ಹೆಚ್ಚುವರಿ ಮೈಕ್ ಸಿಕ್ಕಿಸಲು ಅವಕಾಶವಿರಬೇಕು. ಐಪಿ ಫೋನಿನ ದನಿ ಚೆನ್ನ, ನಿಜ. ಆದರೆ ಅದರ ಸೆಟ್ಟಿಂಗ್ ಕೆಟ್ಟಾಗ ಸರಿಮಾಡಲು ಬಲ್ಲವರು ಊರಲ್ಲೇ ಇದ್ದರೆ ಮಾತ್ರ ಅದನ್ನು ತರಿಸಿ ಎನ್ನುವುದು ನನ್ನ ಸಲಹೆ.

ಮೂರು ಕಾಲು ಚಾಚಿ ಕೂತಂತಹ ಆಕಾರವನ್ನು ನೀವು ಕಂಡಿರಬಹುದು. 1992ರಲ್ಲಿ ಪಾಲಿಕಾಮ್ ಕಂಪನಿ ತಂದ ಸೌಂಡ್‌ಸ್ಟೇಷನ್ ಆ ಆಕಾರವನ್ನು ಮನೆಮಾತು ಮಾಡಿತು. ಮೂರು ಮೈಕುಗಳು ಮೂರು ದಿಕ್ಕಿಗೆ, ಒಂದೊಂದಕ್ಕೆ 120 ಡಿಗ್ರಿಯ ಪಾಲು, ನಡುವೆ ಸ್ಪೀಕರ್. ಮೇಜಿನ ಯಾವ ಬದಿಯಲ್ಲಿ ಕೂತರೂ ಒಂದು ಮೈಕ್ ನಿಮ್ಮ ಕಡೆಗೇ ಇರುತ್ತದೆ.

ಕೊಳ್ಳುವಾಗ ಮುಖ್ಯವಾಗಿ ಕೇಳಬೇಕಾದದ್ದು 'ಫುಲ್ ಡ್ಯೂಪ್ಲೆಕ್ಸ್' ಇದೆಯೇ ಎಂದು. ಮಾಮೂಲಿ ಫೋನಿನ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರೆ ಅನೇಕ ಸಲ ಒಂದು ಹೊತ್ತಿಗೆ ಒಂದು ಕಡೆಯ ದನಿ ಮಾತ್ರ ಹೋಗುತ್ತದೆ. ಇಲ್ಲಿ ಯಾರೋ ಕೆಮ್ಮಿದರೆ ಆ ಕಡೆಯವರ ವಾಕ್ಯ ನಡುವೆಯೇ ಕತ್ತರಿಸಿ ಹೋಗುತ್ತದೆ. ಫುಲ್ ಡ್ಯೂಪ್ಲೆಕ್ಸ್ ಇದ್ದರೆ ಎರಡೂ ಕಡೆ ಒಟ್ಟಿಗೆ ಮಾತಾಡಬಹುದು. ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕಿಗೆ ಬಿದ್ದಾಗ ಅದನ್ನು ಒಳಗಿನ ಚಿಪ್ ಗುರುತಿಸಿ ಅಳಿಸುತ್ತದೆ. ಮಧ್ಯೆ ಬಾಯಿ ಹಾಕಿ "ಹಾಗಲ್ಲ, ಕೇಳಿ" ಎನ್ನುವ ಹಕ್ಕು ದೂರದಲ್ಲಿರುವವರಿಗೆ ಸಿಗುವುದು ಹೀಗೆ. ಹಣ ಉಳಿಸಬೇಕೆಂದರೆ ಬೇರೆ ಕಡೆ ಉಳಿಸಿ, ಇದನ್ನು ಬಿಡಬೇಡಿ.

ಕೋಣೆ ಮತ್ತು ಮೇಜು

ಮಲೆನಾಡಿನ ಕಚೇರಿಗಳಲ್ಲಿ ಅರ್ಧ ತೊಂದರೆ ಇಲ್ಲೇ. ಕೆಂಪು ಗಾರೆ ನೆಲ, ಗಟ್ಟಿ ಗೋಡೆ, ಗಾಜಿನ ಕಪಾಟು, ಮೇಲೆ ಶೀಟು. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದಿನ ಬಾಲ ಉಳಿದರೆ ಆ ಕಡೆಯವರಿಗೆ ನಿಮ್ಮ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಇದಕ್ಕೆ ದುಬಾರಿ ಫೋಮ್ ಬೇಕಿಲ್ಲ. ದಪ್ಪ ಪರದೆ, ನೆಲಕ್ಕೆ ಜಮಖಾನ, ಎದುರುಬದುರು ಬರಿಗೋಡೆ ಇದ್ದರೆ ಒಂದಕ್ಕಾದರೂ ತೂಗುಹಾಕಿದ ಕಂಬಳಿ ಸಾಕು. ಮೇಜಿಗೆ ದಪ್ಪ ಬಟ್ಟೆ ಹಾಸಿ; ಲೋಟ ಇಡುವ, ಪೆನ್ನಿನಿಂದ ಕುಟ್ಟುವ ಸದ್ದು ಮರದ ಮೂಲಕ ನೇರ ಮೈಕಿಗೆ ಏರುತ್ತದೆ.

ಶೀಟಿನ ಮೇಲೆ ಬೀಳುವ ಮಳೆ ಬೇರೆಯೇ ಸಮಸ್ಯೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ; ಆ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸದ್ದಿಲ್ಲದ ಹೊತ್ತು ಹುಡುಕುವುದೇ ಕಷ್ಟ. ಫೋನಿನಲ್ಲಿ ಗದ್ದಲ ತಗ್ಗಿಸುವ ವ್ಯವಸ್ಥೆ ಇದ್ದರೂ ಅದು ಫ್ಯಾನಿನಂತಹ ಒಂದೇ ಸಮನೆ ಗುಂಯ್‌ಗುಡುವ ಸದ್ದಿಗೆ ಒಗ್ಗುತ್ತದೆ. ಏರಿ ಇಳಿಯುವ ಜಡಿಮಳೆಗೆ ಸೋಲುತ್ತದೆ. ಆದ್ದರಿಂದ ಸಭೆಗೆ ಹೆಂಚಿನ ಅಥವಾ ಆರ್‌ಸಿಸಿ ಸೂರಿನ ಕೋಣೆ ಇದ್ದರೆ, ಚಿಕ್ಕದಾದರೂ ಅದನ್ನೇ ಆರಿಸಿ. ಶೀಟಿನ ಕೋಣೆಯೇ ಗತಿಯಾದರೆ ಕೆಳಗೆ ಒಂದು ಸೀಲಿಂಗ್ ಹಾಕಿಸಿ. ನಾವು ಆಮೇಲೆ ಮಾಡಿದ್ದು ಅದನ್ನೇ.

ಫೋನ್ ಇಡುವುದು ಮೇಜಿನ ನಟ್ಟನಡುವೆ. ಮೂಲೆಗೆ ಬೇಡ, ಗೋಡೆಗೆ ಒತ್ತಿ ಬೇಡ, ಸೀಲಿಂಗ್ ಫ್ಯಾನಿನ ನೇರ ಕೆಳಗೆ ಬೇಡ, ಲ್ಯಾಪ್‌ಟಾಪಿನ ಫ್ಯಾನ್ ಊದುವ ಬದಿಗೂ ಬೇಡ. ಮಾತಾಡುವವರಿಂದ ದೂರ ಎರಡು ಪಟ್ಟಾದರೆ ದನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ದೂರದಲ್ಲಿ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿದು ಕುರ್ಚಿ ಹಾಕಿ. ಮೆಲ್ಲಗೆ ಮಾತಾಡುವವರಿಗೆ ಹತ್ತಿರದ ಕುರ್ಚಿ ಕೊಡಿ, ಅದರಲ್ಲಿ ಹುದ್ದೆಯ ಲೆಕ್ಕ ಬೇಡ.

ಮೊಬೈಲುಗಳನ್ನು ಫೋನಿನಿಂದ ಮೊಳ ದೂರವಾದರೂ ಇಡಿಸಿ. 2ಜಿ ಸಿಗ್ನಲ್ ಹಿಡಿಯುವ ಕಡೆ ಮೊಬೈಲ್ ಸೆಕೆಂಡಿಗೆ 217 ಸಲ ತುಂಡುತುಂಡಾಗಿ ಸಿಗ್ನಲ್ ಕಳಿಸುತ್ತದೆ. ಅದು ಮೈಕಿನ ತಂತಿಗೆ ತಾಗಿ 'ಟಿರ್ ಟಿರ್' ಎಂದು ಕೇಳುತ್ತದೆ. ನಮಗೆ ಅದು ಕೇಳದೆ ಆ ಕಡೆಯವರಿಗೆ ಮಾತ್ರ ಕೇಳುವುದೂ ಉಂಟು.

ಕರೆಂಟ್, ಕೇಬಲ್, ಅರ್ಥಿಂಗ್

ಪೆಟ್ಟಿಗೆ ಬಿಚ್ಚಿದ ಕೂಡಲೇ ಅಡಿಯ ಚೀಟಿಯ ಫೋಟೊ ತೆಗೆದಿಡಿ. ಮಾದರಿ, ಸೀರಿಯಲ್ ನಂಬರ್, ಐಪಿ ಫೋನ್ ಆದರೆ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಆ ಫೋನಿನ ಗುರುತು ಸಂಖ್ಯೆ) ಎಲ್ಲ ಅಲ್ಲೇ ಇರುತ್ತದೆ. ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಪಿನ್ ಹೊಂದಿತು ಎಂದು ವೈಫೈ ಪೆಟ್ಟಿಗೆಯ ಅಡಾಪ್ಟರ್ ಹಾಕಬೇಡಿ, ವೋಲ್ಟ್ ಬೇರೆ ಇರಬಹುದು. ಗೊಂದಲವಾಗದಂತೆ ಅಡಾಪ್ಟರಿಗೆ ಒಂದು ಬಣ್ಣದ ಟೇಪ್ ಸುತ್ತಿ.

ಐಪಿ ಫೋನಿಗೆ ಲ್ಯಾನ್ ಕೇಬಲಿನಲ್ಲೇ ಕರೆಂಟ್ ಕೊಡುವ ಪಿಒಇ ಬಹಳ ಅನುಕೂಲ. 802.3ಎಎಫ್ ಎಂಬ ಮಾನದಂಡದ ನೆಟ್‌ವರ್ಕ್ ಸ್ವಿಚ್ (ಹಲವು ಲ್ಯಾನ್ ಕೇಬಲ್ ಸೇರುವ ಪೆಟ್ಟಿಗೆ) ಒಂದು ಪೋರ್ಟಿಗೆ 15.4 ವ್ಯಾಟ್ ಬಿಡುತ್ತದೆ, ತಂತಿಯಲ್ಲಿ ಸೋರಿ ಸಾಧನಕ್ಕೆ 12.95 ವ್ಯಾಟ್ ತಲುಪುತ್ತದೆ. ಅಂತಹ ಸ್ವಿಚ್ ಮೊದಲು ಆ ತುದಿಯಲ್ಲಿರುವುದು ಪಿಒಇ ಸಾಧನವೇ ಎಂದು ತಪಾಸಣೆ ಮಾಡಿಯೇ ಕರೆಂಟ್ ಬಿಡುತ್ತದೆ. ಕ್ಯಾಮೆರಾಗಳಿಗೆ ಹಾಕುವ ಅಗ್ಗದ 'ಪ್ಯಾಸಿವ್' ಇಂಜೆಕ್ಟರ್ (ಲ್ಯಾನ್ ಕೇಬಲಿಗೆ ಕರೆಂಟ್ ಸೇರಿಸುವ ಡಬ್ಬಿ) ಹಾಗೆ ಕೇಳುವುದೇ ಇಲ್ಲ, ಸುಮ್ಮನೆ ನುಗ್ಗಿಸುತ್ತದೆ. ಅದನ್ನು ಫೋನಿಗೆ ಹಾಕಬೇಡಿ.

ಲ್ಯಾನ್ ಕೇಬಲ್ 100 ಮೀಟರ್ ದಾಟಬಾರದು. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ತುರುಕಬಾರದು, ಒಂದಡಿ ಅಂತರವಿರಲಿ. ಮೇಜಿನಿಂದ ಗೋಡೆಗೆ ನೆಲದ ಮೇಲೆ ಹಾಯುವ ತಂತಿಗೆ ಮುಚ್ಚಿಗೆ ಪಟ್ಟಿ ಹಾಕಿ. ಊರುಗೋಲು ಹಿಡಿದು ಬರುವ ಸದಸ್ಯರು ನಮ್ಮಲ್ಲಿ ಬಹಳ.

ಯುಪಿಎಸ್ ಫೋನಿಗೆ ಮಾತ್ರ ಕೊಟ್ಟರೆ ಸಾಲದು. ಫೈಬರಿನ ಓಎನ್‌ಟಿ, ಸ್ವಿಚ್, ರೂಟರ್ ಎಲ್ಲವೂ ಅದರ ಮೇಲೇ ಇರಬೇಕು, ಒಂದು ಆರಿದರೂ ಕರೆ ಕಡಿಯುತ್ತದೆ. ಇನ್ವರ್ಟರ್ ಇದ್ದು ಕರೆಂಟ್ ಹೋದ ಕ್ಷಣ ಫೋನ್ ಆರಿ ಹೊತ್ತಿಕೊಂಡರೆ, ಇನ್ವರ್ಟರಿನ ಗುಂಡಿಯನ್ನು ಯುಪಿಎಸ್ ಕ್ರಮಕ್ಕೆ ತಿರುಗಿಸಿ ನೋಡಿ.

ಅರ್ಥಿಂಗ್ ವಿಷಯದಲ್ಲಿ ಯಾರ ಮಾತಿಗೂ ಬಗ್ಗಬೇಡಿ. ನಮ್ಮದು ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿದರೆ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೂರು ಕಣ್ಣಿನ ಪ್ಲಗ್ ಇದೆ ಎಂದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟ್ ಅಳೆಸಿ; ಎರಡು ಮೂರು ವೋಲ್ಟ್ ಮೀರಿದರೆ ವೈರಿಂಗೋ ಅರ್ಥ್ ಗುಂಡಿಯೋ ದುರಸ್ತಿ ಬೇಡುತ್ತಿದೆ ಎಂದು ತಿಳಿಯಿರಿ. ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಿ. ಸ್ಪೈಕ್ ಗಾರ್ಡ್ ಎಂದು ಮಾರುವ ಪಟ್ಟಿಗೆ ಒಳ್ಳೆಯ ಅರ್ಥ್ ಇಲ್ಲದಿದ್ದರೆ ಹೆಚ್ಚಿನ ವೋಲ್ಟನ್ನು ಇಳಿಸಲು ಜಾಗವೇ ಇರುವುದಿಲ್ಲ. ಟೆಲಿಫೋನ್ ಲೈನಿಗೆ ಹಾಕುವ ಸರ್ಜ್ ಪ್ರೊಟೆಕ್ಟರಿನ ಅರ್ಥನ್ನೂ ಕರೆಂಟಿನ ಅರ್ಥಿಗೇ ಸೇರಿಸಬೇಕು. ಎರಡೂ ಬೇರೆಬೇರೆಯಾದರೆ ಸಿಡಿಲಿನ ಹೊತ್ತಿಗೆ ಅವುಗಳ ನಡುವೆಯೇ ಸಾವಿರಾರು ವೋಲ್ಟ್ ಏಳಬಹುದು, ಆ ನಡುವಿನಲ್ಲಿ ಇರುವುದು ನಿಮ್ಮ ಫೋನ್.

ಸೆಟ್ಟಿಂಗ್‌ಗಳು

ಅನಲಾಗ್ ಫೋನಿಗೆ ಹೆಚ್ಚಿನ ಕೆಲಸವಿಲ್ಲ. ಡಯಲಿಂಗ್ 'ಟೋನ್' ಇರಲಿ, ದೇಶ ಕೇಳಿದರೆ ಭಾರತ ಕೊಡಿ, ಗಡಿಯಾರದ ಸಮಯ ಸರಿಪಡಿಸಿ. ಎರಡನೇ ಕರೆಗೆ ಲೈನ್ ಕೇಳುವ ಫ್ಲ್ಯಾಶ್ ಗುಂಡಿ ಒತ್ತಿದಾಗ ಎರಡನೇ ಡಯಲ್ ಟೋನ್ ಬರುವ ಬದಲು ಕರೆಯೇ ಕಡಿದರೆ ಫ್ಲ್ಯಾಶ್ ಸಮಯವನ್ನು ಒಂದೊಂದೇ ಮೆಟ್ಟಿಲು ಇಳಿಸಿ ನೋಡಿ.

ಐಪಿ ಫೋನಿಗೆ ಸೇವೆ ಕೊಡುವವರಿಂದ ಮೂರು ವಿವರ ಬರುತ್ತದೆ: ಸರ್ವರ್ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್. ಫೋನಿನ ಮೆನುವಿನಲ್ಲಿ ಐಪಿ ವಿಳಾಸ ನೋಡಿಕೊಂಡು, ಅದೇ ಲ್ಯಾನಿನ ಕಂಪ್ಯೂಟರಿನ ಬ್ರೌಸರಿನಲ್ಲಿ ಆ ವಿಳಾಸ ತೆರೆದು ತುಂಬಿ. ಬೇರೆ ಏನನ್ನೂ ಮುಟ್ಟುವ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಫರ್ಮ್‌ವೇರ್ (ಫೋನಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಫೋನ್ ಏಳದೇ ಹೋಗಬಹುದು, ಯುಪಿಎಸ್ ಮೇಲೆ ಮಾತ್ರ ಮಾಡಿ. ಸಮಯ ವಲಯ +5:30. ದನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ಕೋಡೆಕ್‌ಗಳಲ್ಲಿ ಜಿ.722 ಮೊದಲು, ಜಿ.711 ಎರಡನೆಯದು. ಹಳೆಯ ಟೆಲಿಫೋನ್ 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಒಯ್ಯುತ್ತದೆ, ಜಿ.722 ಸುಮಾರು 7,000 ಹರ್ಟ್ಸ್‌ವರೆಗೆ ಒಯ್ಯುತ್ತದೆ. 'ಸ'ಕಾರ, 'ಫ'ಕಾರ ಬಿಡಿಸಿ ಕೇಳುವುದು ಆ ಮೇಲಿನ ಪಾಲಿನಿಂದ. ಕಿವಿ ಮಂದವಾದ ಹಿರಿಯರಿಗೆ ಇದರ ವ್ಯತ್ಯಾಸ ದೊಡ್ಡದು. ಎರಡೂ ತುದಿಯಲ್ಲಿ ಇದ್ದರಷ್ಟೇ ಸಿಗುತ್ತದೆ ಎಂಬುದು ನೆನಪಿರಲಿ.

ಒಂದು ಕರೆಗೆ ಒಂದೊಂದು ದಿಕ್ಕಿಗೆ ಸುಮಾರು 90 ಕಿಲೋಬಿಟ್ ವೇಗ ಸಾಕು. ಸಾಮಾನ್ಯವಾಗಿ ತೊಂದರೆ ಕೊಡುವುದು ತಡ ಮತ್ತು ತುಂಡಾಗುವಿಕೆ. ಒಂದು ಕಡೆಯಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡಿನೊಳಗೆ ದನಿ ಮುಟ್ಟಿದರೆ ಮಾತುಕತೆ ಸಹಜವಾಗಿರುತ್ತದೆ. ಸಭೆಯ ಹೊತ್ತಿನಲ್ಲಿ ಕ್ಯಾಮೆರಾ ಬ್ಯಾಕಪ್, ದೊಡ್ಡ ಡೌನ್‌ಲೋಡ್ ನಿಲ್ಲಿಸಿ. ರೂಟರಿನಲ್ಲಿ ದನಿಗೆ ಆದ್ಯತೆ ಕೊಡುವ ಅವಕಾಶವಿದ್ದರೆ ಕೊಡಿ. ನಮ್ಮ ದನಿ ಹೋಗುತ್ತದೆ, ಅವರದು ಬರುವುದಿಲ್ಲ ಎಂದಾದರೆ ರೂಟರಿನಲ್ಲಿ ಇಂಟರ್ನೆಟ್ ಕರೆಗಳನ್ನು ತಿದ್ದಲು ಹೋಗುವ 'ಸಿಪ್ ಎಎಲ್‌ಜಿ' ಎಂಬ ಸೆಟ್ಟಿಂಗನ್ನು ಆಫ್ ಮಾಡಿ ನೋಡಿ. ಎಷ್ಟೋ ಸಲ ಗುಣವಾಗುವುದು ಅಷ್ಟರಿಂದಲೇ.

ಆ ಕಡೆಯ ಕಿವಿಯಿಂದ ಪರೀಕ್ಷೆ

ಈ ಹಂತವನ್ನು ಹೆಚ್ಚಿನವರು "ಹಲೋ, ಕೇಳ್ತದಾ?" ಎಂಬಲ್ಲಿಗೆ ಮುಗಿಸುತ್ತಾರೆ. ಕೇಳುತ್ತದೆ ಎಂದು ಆ ಕಡೆಯವರು ದಾಕ್ಷಿಣ್ಯಕ್ಕೂ ಹೇಳುತ್ತಾರೆ. ನಾನು ಮಾಡುವುದು ಹೀಗೆ. ಒಬ್ಬರನ್ನು ಕಟ್ಟಡದ ಹೊರಗೆ, ದನಿ ಕೇಳದಷ್ಟು ದೂರಕ್ಕೆ ಕಳಿಸಿ ಕರೆ ಹಚ್ಚುತ್ತೇನೆ. ಆಮೇಲೆ ಪ್ರತಿ ಕುರ್ಚಿಯಲ್ಲೂ ಕೂತು, ಸಭೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಐದು ಸಂಖ್ಯೆ ಹೇಳುತ್ತೇನೆ. ಅವರು ಕೇಳಿದ್ದನ್ನು ಕಾಗದದಲ್ಲಿ ಬರೆಯುತ್ತಾರೆ. 'ಎಂಟು, ಏಳು, ಅರವತ್ತು, ಎಂಬತ್ತು' ಇಂತಹವೇ ಇರಲಿ, ಒಂದನ್ನೊಂದು ಹೋಲುವ ಸಂಖ್ಯೆಗಳು. ವಾಕ್ಯವನ್ನು ಊಹಿಸಿ ತುಂಬಿಕೊಳ್ಳಬಹುದು, ಸಂಖ್ಯೆಯನ್ನು ಊಹಿಸಲಾಗದು. ಅಡಿಕೆ ಧಾರಣೆ ಮಾತಾಡುವ ಸಭೆಯಲ್ಲಿ ಅರವತ್ತು ಎಂಬತ್ತಾದರೆ ಗತಿಯೇನು? ಕೊನೆಗೆ ಕಾಗದ ತಂದು ಕುರ್ಚಿಕುರ್ಚಿಗೆ ಹೋಲಿಸುತ್ತೇನೆ. ತಪ್ಪು ಬಂದ ಕುರ್ಚಿಯನ್ನು ಹತ್ತಿರ ಎಳೆಯಬೇಕು, ಇಲ್ಲವೇ ಅಲ್ಲಿಗೊಂದು ಹೆಚ್ಚುವರಿ ಮೈಕ್ ಕೊಡಬೇಕು.

ಇದನ್ನೇ ಫ್ಯಾನ್ ಹಾಕಿ ಒಮ್ಮೆ, ಮಳೆ ಬರುವಾಗ ಒಮ್ಮೆ ಮಾಡಿ. ಬಳಿಕ ಇಬ್ಬರೂ ಒಟ್ಟಿಗೆ ಒಂದರಿಂದ ಹತ್ತು ಎಣಿಸಿ. ಒಬ್ಬರ ಎಣಿಕೆ ನಡುವೆ ಮಾಯವಾದರೆ ಡ್ಯೂಪ್ಲೆಕ್ಸ್ ಸರಿಯಿಲ್ಲ, ಅಥವಾ ವಾಲ್ಯೂಮ್ ವಿಪರೀತ ಏರಿದೆ. ಸ್ಪೀಕರ್ ಗಂಟಲು ಹರಿಯುವಷ್ಟು ಜೋರಾದರೆ ದನಿ ಒಡೆದು ಪ್ರತಿಧ್ವನಿ ಅಳಿಸುವ ಚಿಪ್‌ಗೂ ಗುರುತು ಸಿಗದಾಗುತ್ತದೆ. ಮುಕ್ಕಾಲಿಗಿಂತ ಕೆಳಗೇ ಇರಲಿ.

ಪ್ರತಿಧ್ವನಿಯ ಬಗ್ಗೆ ಒಂದು ಮಾತು. ನೀವು ಆಡಿದ್ದು ನಿಮಗೇ ಮರಳಿ ಕೇಳಿದರೆ ನಿಮ್ಮ ಫೋನ್ ತಿರುಚಬೇಡಿ. ಸಾಮಾನ್ಯವಾಗಿ ಆ ಕಡೆಯ ಸ್ಪೀಕರಿನಿಂದ ಹೊರಟ ನಿಮ್ಮ ದನಿ ಆ ಕಡೆಯ ಮೈಕಿಗೆ ಬಿದ್ದು ಹಿಂದಿರುಗಿದೆ. ವಾಲ್ಯೂಮ್ ತಗ್ಗಿಸಬೇಕಾದವರು ಅವರು. ಅವರಿಗೆ ಅವರ ದನಿ ಮರಳಿ ಕೇಳುತ್ತಿದ್ದರೆ ಆಗ ದೋಷ ನಮ್ಮ ಕೋಣೆಯದು, ಮತ್ತು ಅದು ನಮಗೆ ಕೇಳಿಸುವುದೇ ಇಲ್ಲ. ಹಾಗಾಗಿ ಕೇಳಿ ತಿಳಿಯಬೇಕು.

ಸಿಡಿಲಿನ ದಿನಗಳು

ನಮ್ಮಲ್ಲಿ ಸಿಡಿಲಿನ ಕಾಟ ಮುಂಗಾರಿನ ನಡುವೆ ಅಷ್ಟಿಲ್ಲ. ಭರಣಿ, ಕೃತ್ತಿಕೆ ಮಳೆಯ ಸಂಜೆಗಳು, ಮತ್ತೆ ಹಿಂಗಾರಿನ ಚಿತ್ತೆ, ಸ್ವಾತಿ; ಭಯಪಡಬೇಕಾದದ್ದು ಅವಕ್ಕೆ. ತಂತಿ ಜೋಡಿಸಿದ ಫೋನನ್ನು ಆ ಹೊತ್ತಿನಲ್ಲಿ ಮುಟ್ಟುವುದು ಜೀವಕ್ಕೇ ಅಪಾಯ. ಸಿಡಿಲು ಕಟ್ಟಡಕ್ಕೇ ಬೀಳಬೇಕೆಂದಿಲ್ಲ. ದೂರದಲ್ಲಿ ಬಿದ್ದರೂ ಕಂಬದಿಂದ ಕಂಬಕ್ಕೆ ಬಂದ ತಂತಿ ಅದನ್ನು ಒಳಗೆ ತರುತ್ತದೆ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರುತ್ತದೆ. ಮೂವತ್ತರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ, ಕರೆ ಮುಗಿಸಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಮತ್ತೆ ಜೋಡಿಸಿ. ತಂತಿ ಕೀಳುವ ಕೆಲಸ ಗುಡುಗು ಹತ್ತಿರವಾಗುವ ಮೊದಲೇ ಆಗಬೇಕು. ತಲೆಯ ಮೇಲೆ ಸಿಡಿಯುತ್ತಿರುವಾಗ ಪ್ಲಗ್ಗಿಗೂ ಕೈ ಹಾಕಬೇಡಿ, ಫೋನ್ ಹೋದರೆ ಹೋಗಲಿ.

ಕೀಳುವುದು ಎಂದರೆ ಎಲ್ಲವನ್ನೂ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಹೊರಗೆ ಬರಬೇಕು, ಟೆಲಿಫೋನ್ ಪಿನ್ ಹೊರಗೆ ಬರಬೇಕು, ಲ್ಯಾನ್ ಕೇಬಲ್ ಹೊರಗೆ ಬರಬೇಕು. ನಾನು ಒಂದು ವರ್ಷ ಕರೆಂಟಿನ ಪ್ಲಗ್ ಮಾತ್ರ ಕಿತ್ತು ಮನೆಗೆ ಹೋಗಿದ್ದೆ. ಕಚೇರಿಯಿಂದ ಗೋದಾಮಿಗೆ ಅಂಗಳದ ಮೇಲೆ ಎಳೆದಿದ್ದ ತಾಮ್ರದ ಲ್ಯಾನ್ ಕೇಬಲ್ ಸ್ವಿಚ್ಚಿನಲ್ಲೇ ಇತ್ತು, ಫೋನೂ ಅದೇ ಸ್ವಿಚ್ಚಿಗೆ ಸೇರಿತ್ತು. ಆ ರಾತ್ರಿ ಸಿಡಿಲು ಬಿದ್ದದ್ದು ಗದ್ದೆಯಾಚೆಯ ಮರಕ್ಕೆ. ಬೆಳಿಗ್ಗೆ ನೋಡಿದರೆ ಸ್ವಿಚ್ಚೂ ಇಲ್ಲ, ಫೋನೂ ಇಲ್ಲ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲನ್ನು ಎಂದೂ ಎಳೆಯಬೇಡಿ. ಅಲ್ಲಿ ಫೈಬರ್ ಹಾಕಿಸಿ, ಅದರಲ್ಲೂ ಲೋಹದ ತಂತಿ ಸೇರಿಸದ ಜಾತಿಯದು.

ಬ್ಯಾಟರಿ ಇರುವ ಬ್ಲೂಟೂತ್ ಸ್ಪೀಕರ್‌ಫೋನಿನ ಗುಣ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಇದೇ. ಚಾರ್ಜರ್ ಕಿತ್ತಿಟ್ಟ ಮೊಬೈಲ್, ಅದಕ್ಕೆ ಬ್ಲೂಟೂತಿನಲ್ಲಿ ಸೇರಿದ ಸ್ಪೀಕರ್. ಗೋಡೆಗೆ ಒಂದೇ ಒಂದು ತಂತಿಯ ಸಂಬಂಧವಿಲ್ಲ. ಗುಡುಗಿನ ಸಂಜೆ ಸಭೆ ನಡೆಸಲೇಬೇಕಾದರೆ ಕಟ್ಟಡದ ಒಳಗೆ ಕೂತು ಹೀಗೆ ನಡೆಸಿ.

ಕರೆ ನಡೆಸುವ ಬಗೆ

ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ 2021ರ ಜನವರಿ 15ರಿಂದ ಮುಂದೆ 0 ಸೇರಿಸಲೇಬೇಕು. ಫೋನಿನಲ್ಲಿ ಹಳೆಯ ನಂಬರುಗಳನ್ನು ಉಳಿಸಿದ್ದರೆ ತಿದ್ದಿಕೊಳ್ಳಿ. ಶಿವಮೊಗ್ಗದ 08182, ತೀರ್ಥಹಳ್ಳಿಯ 08181, ಸಾಗರದ 08183 ಒಂದರಂತೆ ಒಂದು ಇರುವುದರಿಂದ ಕೋಡಿನ ಸಮೇತ ಉಳಿಸಿ.

ಮೂರನೆಯವರನ್ನು ಸೇರಿಸಲು ಐಪಿ ಫೋನಿನಲ್ಲಿ ಕಾನ್ಫರೆನ್ಸ್ ಗುಂಡಿ ಇರುತ್ತದೆ. ಮೊದಲ ಕರೆ ಹಿಡಿದಿಟ್ಟು ಎರಡನೆಯದನ್ನು ಮಾಡಿ, ಅವರು ಎತ್ತಿದ ಮೇಲೆ ಸೇರಿಸಿ. ಮೊಬೈಲಿನಲ್ಲಿ ಹೀಗೆ ನಿಮ್ಮನ್ನು ಬಿಟ್ಟು ಐದು ಜನರವರೆಗೆ ಸೇರಿಸಬಹುದು. ಅದಕ್ಕೂ ಹೆಚ್ಚು ಜನ ಬೇಕಾದರೆ ಪಿನ್ ಇರುವ ಕಾನ್ಫರೆನ್ಸ್ ಸೇವೆಯ ನಂಬರ್ ಬೇಕು. ಸೇರಿದವರಲ್ಲಿ ಯಾರೂ ಇನ್ನೊಂದು ಕರೆ ಎತ್ತಲು 'ಹೋಲ್ಡ್' ಒತ್ತಬಾರದು ಎಂದು ಮೊದಲೇ ಹೇಳಿಡಿ. ಒಬ್ಬರ ಹೋಲ್ಡ್ ಸಂಗೀತ ಇಡೀ ಸಭೆಗೆ ಕೇಳಿಸುತ್ತದೆ.

ಸಭೆ ಶುರುವಾದಾಗ ಕೋಣೆಯಲ್ಲಿ ಇರುವ ಪ್ರತಿಯೊಬ್ಬರೂ ಹೆಸರು ಹೇಳಲಿ. ಮಾತಿನ ಮೊದಲು "ನಾನು ಖಜಾಂಚಿ ಮಾತಾಡ್ತಿದ್ದೇನೆ" ಎನ್ನುವುದು ರೂಢಿಯಾಗಲಿ. ತಲೆಯಾಡಿಸಿದ್ದು, ಕೈ ಎತ್ತಿದ್ದು ದೂರದವರಿಗೆ ಕಾಣುವುದಿಲ್ಲ. ನಿರ್ಣಯಕ್ಕೆ ಒಪ್ಪಿಗೆಯನ್ನು ಬಾಯಲ್ಲೇ ಹೇಳಿಸಿ. ಹತ್ತು ನಿಮಿಷಕ್ಕೊಮ್ಮೆ ಅಧ್ಯಕ್ಷರು ಅವರ ಹೆಸರು ಹಿಡಿದು ಕರೆದು ಅಭಿಪ್ರಾಯ ಕೇಳಲಿ. ನಮ್ಮ ಮೇಗರವಳ್ಳಿಯ ಹಿರಿಯರಿಗೆ ಅಂದು ಅಷ್ಟು ಮಾಡಿದ್ದರೂ ಸಾಕಿತ್ತು.

ಗುಟ್ಟು, ದುಡ್ಡು, ಒಪ್ಪಿಗೆ

ಅಡ್ಮಿನ್ ಪಾಸ್‌ವರ್ಡ್ ಬದಲಿಸಿ ಎಂದೆನಲ್ಲ, ಕಾರಣ ಇದು: ಪೆಟ್ಟಿಗೆಯಿಂದ ಬಂದಾಗ ಇರುವ ಪಾಸ್‌ವರ್ಡ್ ಅದೇ ಮಾದರಿಯ ಕೈಪಿಡಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಸಿಪ್ ಖಾತೆಯ, ಅಂದರೆ ಐಪಿ ಫೋನಿನ ಕರೆ ಖಾತೆಯ, ಗುಟ್ಟು ಕಳ್ಳರ ಕೈಗೆ ಬಿದ್ದರೆ ರಾತ್ರಿಯೆಲ್ಲ ನಿಮ್ಮ ಲೆಕ್ಕದಲ್ಲಿ ಹೊರದೇಶಕ್ಕೆ ಕರೆ ಓಡುತ್ತದೆ. ಐಎಸ್‌ಡಿ ಬೇಡವಾದರೆ ಮುಚ್ಚಿಸಿಬಿಡಿ. ಫೋನಿನ ಬ್ರೌಸರ್ ಪುಟವನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಸೇವೆ ಕೊಡುವವರಲ್ಲಿ ಕರೆಯನ್ನು ಗುಪ್ತಲಿಪಿಯಲ್ಲಿ ಕಳಿಸುವ ಟಿಎಲ್‌ಎಸ್, ಎಸ್‌ಆರ್‌ಟಿಪಿ ಇದ್ದರೆ ಹಾಕಿಸಿ, ದಾರಿಯಲ್ಲಿ ಕದ್ದು ಕೇಳುವುದು ಕಷ್ಟವಾಗುತ್ತದೆ. 'ಆಟೋ ಆನ್ಸರ್' ಅನ್ನು ಕಡ್ಡಾಯವಾಗಿ ಆಫ್ ಮಾಡಿ. ಅದು ಇದ್ದರೆ ಯಾರೋ ಕರೆ ಮಾಡಿದಾಗ ಫೋನ್ ತಾನೇ ಎತ್ತಿಕೊಂಡು ಕೋಣೆಯ ಮಾತನ್ನೆಲ್ಲ ಕೇಳಿಸುತ್ತದೆ.

ಕಾನ್ಫರೆನ್ಸ್ ಪಿನ್ನನ್ನು ಸಭೆಯಿಂದ ಸಭೆಗೆ ಬದಲಿಸಿ. ಬ್ಯಾಂಕ್ ವಿವರ, ಒಟಿಪಿ ಯಾವತ್ತೂ ಸ್ಪೀಕರಿನಲ್ಲಿ ಬೇಡ. ಪರಿಚಯಸ್ಥರ ಹೆಸರು ಹೇಳಿ "ಅವರದ್ದೇ ಇನ್ನೊಂದು ಕರೆ ಬರ್ತಿದೆ, ಮರ್ಜ್ ಮಾಡಿ" ಎಂದರೆ ಮಾಡಬೇಡಿ. ಆ ಎರಡನೇ ಕರೆ ಬ್ಯಾಂಕು ಒಟಿಪಿ ಓದಿ ಹೇಳುವ ಕರೆಯಾಗಿರುತ್ತದೆ, ಮೂರನೇ ಕಿವಿಯಾಗಿ ಕಳ್ಳ ಕೂತಿರುತ್ತಾನೆ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಮರಳಿ ಸಿಗುವ ದಾರಿ ಕಿರಿದಾಗುತ್ತದೆ.

ರೆಕಾರ್ಡ್ ಮಾಡುವುದಾದರೆ ಮೊದಲೇ ಎಲ್ಲರಿಗೂ ಹೇಳಿ, ಒಪ್ಪಿದ್ದನ್ನು ನಡಾವಳಿಯಲ್ಲಿ ಬರೆಯಿರಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸದಸ್ಯರೊಬ್ಬರ ಸಾಲದ ಕಷ್ಟವನ್ನು ಅವರಿಗೆ ತಿಳಿಯದಂತೆ ಧ್ವನಿ ಕಡತ ಮಾಡಿಡುವುದು ಸಂಘಕ್ಕೆ ತಕ್ಕದ್ದಲ್ಲ.

ಮಳೆಗಾಲದ ಆರೈಕೆ

ಬೂಸ್ಟು ಪುಸ್ತಕಕ್ಕಷ್ಟೇ ಅಲ್ಲ, ಮೈಕಿನ ಜಾಲರಿಗೂ ಹಿಡಿಯುತ್ತದೆ. ಪಿನ್ನುಗಳ ಮೇಲೆ ಹಸಿರು ಕಿಲುಬು ಏರಿದರೆ ಲೈನಿನಲ್ಲಿ ಕರಕರ ಸದ್ದು ಬರುತ್ತದೆ. ಬಳಸದ ದಿನ ಫೋನನ್ನು ಮುಚ್ಚಳವಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಪೊಟ್ಟಣ ಬಣ್ಣ ಬದಲಾಯಿಸುವ ಜಾತಿಯದಾದರೆ ಬದಲಿಸುವ ಹೊತ್ತು ತಾನೇ ತಿಳಿಯುತ್ತದೆ. ಒರೆಸುವಾಗ ಪ್ಲಗ್ ಕಿತ್ತು, ಬಟ್ಟೆಗೆ ದ್ರವ ಹಾಕಿ ಒರೆಸಿ, ಫೋನಿನ ಮೇಲೆ ನೇರ ಸಿಂಪಡಿಸಬೇಡಿ. ಕಷಾಯ, ಕಾಫಿ ಲೋಟಗಳಿಗೆ ಬೇರೆ ಪಕ್ಕಮೇಜು ಇರಲಿ. ಚೆಲ್ಲಿಹೋದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಫೋನ್ ಮುಟ್ಟಿ. ಮಗುಚಿ ಇಟ್ಟು ಒಂದೆರಡು ದಿನ ಒಣಗಲು ಬಿಡಿ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸುವುದು ಬೇಡ, ಹೊಗೆಯ ಎಣ್ಣೆಜಿಡ್ಡು ಒಳಗೆ ಹಿಡಿಯುತ್ತದೆ.

ಸಭೆ ಮುಗಿದಾಗ ಕೆಂಪು ಗುಂಡಿ ಒತ್ತಿ, ಪರದೆ ಮತ್ತು ದೀಪ ನೋಡಿ ಕರೆ ಕಡಿದದ್ದು ಖಚಿತ ಮಾಡಿಕೊಳ್ಳಿ. ಮ್ಯೂಟ್ ಆಗಿರುವುದು ಬೇರೆ, ಕಡಿದಿರುವುದು ಬೇರೆ. ಯಾರೂ ಕೇಳುತ್ತಿಲ್ಲ ಎಂದು ಸದಸ್ಯರ ಬಗ್ಗೆ ಆಡಿದ ಮಾತು ಆ ಸದಸ್ಯರ ಕಿವಿಗೇ ಬಿದ್ದರೆ ಯಾವ ನಡಾವಳಿಯಲ್ಲೂ ತಿದ್ದಲಾಗದು. ಆಮೇಲೆ ಪ್ಲಗ್, ಪಿನ್, ಕೇಬಲ್ ಕಿತ್ತು ಡಬ್ಬಕ್ಕಿಡಿ.

ಅದಾದ ಮೇಲೆ ಮಾಮೂಲಿ ಫೋನಿನಲ್ಲಿ ದೂರದಿಂದ ಸೇರಿದವರಿಗೆ ಒಂದು ಕರೆ ಮಾಡಿ, ಯಾರ ಮಾತು ಕೇಳಲಿಲ್ಲ, ಎಲ್ಲಿ ಕಡಿಯಿತು ಎಂದು ಕೇಳಿ ಬರೆದುಕೊಳ್ಳಿ. ಕಳೆದ ಆಷಾಢದ ಸಭೆಯ ಮರುದಿನ ಮೇಗರವಳ್ಳಿಗೆ ಹೀಗೆ ಫೋನ್ ಮಾಡಿದಾಗ ಆ ಹಿರಿಯರು, "ಎಲ್ಲ ಕೇಳ್ತು. ಕಿಟಕಿ ಹತ್ರ ಕೂತಿದ್ದವ್ರು ಯಾರು, ಅವ್ರದ್ದು ಒಂಚೂರು ಸಣ್ಣಕೆ ಬರ್ತಿತ್ತು" ಎಂದರು. ಕಿಟಕಿ ಪಕ್ಕದ ಕುರ್ಚಿಯನ್ನು ಈಗ ಎರಡಡಿ ಒಳಗೆ ಎಳೆದಿದ್ದೇನೆ.